ಫಾರ್ಮ್ಯಾಟ್ ಹೊಡೆಯದೇ ಕಪ್ಪು ಪರದೆ ಬಿಡಿಸಿದೆ: ನನ್ನ ಅನುಭವ

"ಫಾರ್ಮ್ಯಾಟ್ ಹೊಡದು ಒಗಿಯೋ. ಎರಡು ತಾಸಿನ ಕೆಲ್ಸಕ್ಕ ಮೂರು ದಿನ ಯಾಕ ಕುಂತಿ?" ಹುಬ್ಬಳ್ಳಿಯಲ್ಲಿ ನನ್ನ ಪಕ್ಕದ ಅಂಗಡಿಯವರು ದಿನಾ ಹೀಗೆ ಕಾಡುತ್ತಿದ್ದರು.

ಮಷಿನ್ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನದು. ಸಾವಕಾರ್ರು ಸಿಪಿಯುವನ್ನು ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದಿದ್ದರು. ಅದರೊಳಗೆ ಪೇಜ್‌ಮೇಕರ್, ನುಡಿ, ಹತ್ತು ವರ್ಷದ ಲಗ್ನಪತ್ರಿಕೆ ಫೈಲು. ಅಪ್‌ಡೇಟ್ ಆದ ಮರುದಿನದಿಂದ ವಿಂಡೋಸ್ ಲೋಗೋ ಬರುತ್ತದೆ, ಆಮೇಲೆ ಕತ್ತಲೆ. "ತಮ್ಮಾ, ಏನರ ಮಾಡು, ಸಿ ಡ್ರೈವ್ ಮುಟ್ಟಬ್ಯಾಡ" ಎಂದು ಹೇಳಿಹೋದರು.

ಮೊದಲ ದಿನ ನಾನೂ ದಡ್ಡತನವನ್ನೇ ಮಾಡಿದೆ. ರ್‍ಯಾಮ್ ತೆಗೆದು ರಬ್ಬರಿನಿಂದ ತಿಕ್ಕಿದೆ. ಕೇಬಲ್ ಬದಲಿಸಿದೆ. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಸುಮಾರು 1,400 ರೂಪಾಯಿಗೆ ತಂದೆ. ಅದೂ ಅದೇ ಮಾಡೆಲ್, ಅದೇ ಕತ್ತಲೆ. ಆ ಕಾರ್ಡು ಈಗಲೂ ಡ್ರಾಯರಿನಲ್ಲೇ ಇದೆ, ಯಾರಿಗಾದರೂ ಬೇಕಾ?

ಸಂಜೆ ಸುಮ್ನೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಿದೆ, ಗ್ರಾಫಿಕ್ಸ್ ಡ್ರೈವರನ್ನು (ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಮತ್ತೆ ಶುರು ಮಾಡುವ ಕೀಗಳು ಇವು. ಕತ್ತಲೆಯಲ್ಲೇ 'ಬೀಪ್' ಅಂತು. ಅಂದರೆ ಒಳಗೆ ಎಲ್ಲ ಜೀವಂತ ಇದೆ, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಮಿಂಟ್ ಬೂಟ್ ಮಾಡಿದೆ. ಪರದೆ ಕನ್ನಡಿ ಹಾಗೆ ಬಂತು. ಅಂದರೆ ಕಾರ್ಡು ಸರಿ ಇದೆ, ತೊಂದರೆ ವಿಂಡೋಸಿನ ಡ್ರೈವರಿನದು. ಈ ಹತ್ತು ನಿಮಿಷದ ಕೆಲಸ ಮೊದಲೇ ಮಾಡಿದ್ದರೆ 1,400 ಉಳಿಯುತ್ತಿತ್ತು, ಅಲ್ವಾ?

ಬೂಟ್ ಆಗುವಾಗ ಮೂರು ಸಲ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ರಿಕವರಿಯಿಂದ ಸೇಫ್ ಮೋಡಿಗೆ (ಬೇಕಾದಷ್ಟೇ ಡ್ರೈವರ್‌ಗಳಿಂದ ವಿಂಡೋಸ್ ಏಳುವ ಸ್ಥಿತಿ) ಹೋದೆ. ಹಳೆ ಡ್ರೈವರಿಗೆ ಮರಳಿಸುವ ರೋಲ್ ಬ್ಯಾಕ್ ಬಟನ್ ಮಸುಕಾಗಿ ಕೂತಿತ್ತು. ಕಾರಣ ನಾನೇ! ಹಿಂದೊಮ್ಮೆ ಜಾಗ ಖಾಲಿ ಮಾಡಿಕೊಡುವಾಗ ಡಿಸ್ಕ್ ಕ್ಲೀನಪ್‌ನಲ್ಲಿ ಹಳೆ ಡ್ರೈವರ್‌ಗಳಿಗೂ ಟಿಕ್ ಹಾಕಿದ್ದೆ. ಸಾವಕಾರ್ರಿಗೆ ಇದನ್ನು ಹೇಳಿಲ್ಲ.

ಎರಡನೇ ದಿನ ಡಿಡಿಯು ಎಂಬ ಡ್ರೈವರ್ ಕೀಳುವ ಟೂಲ್ ಓಡಿಸಿ ಡ್ರೈವರ್ ಪೂರ್ತಿ ಕಿತ್ತೆ. ರೀಸ್ಟಾರ್ಟ್ ಆಯ್ತು, ಪರದೆ ಬಂತು. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕತ್ತಲೆ. ಇಂಟರ್ನೆಟ್ಟಿನ ಲ್ಯಾನ್ ಕೇಬಲ್ ಕೀಳುವುದನ್ನೇ ಮರೆತಿದ್ದೆ. ಅಪ್‌ಡೇಟ್ ಅದೇ ಡ್ರೈವರನ್ನು ಹಿಂಬಾಗಿಲಿನಿಂದ ತಂದು ಕೂರಿಸಿತ್ತು. ಪಕ್ಕದವರು ನಕ್ಕಿದ್ದು ಆಗಲೇ.

ಮೂರನೇ ದಿನ ಮೊದಲು ಕೇಬಲ್ ಕಿತ್ತೆ. ಸೇಫ್ ಮೋಡಿನಲ್ಲಿ ವಿಂಡೋಸಿನದೇ ಕಮಾಂಡ್ ಪಿಎನ್‌ಪಿ ಯುಟಿಲ್‌ನಿಂದ ಡ್ರೈವರ್ ಪಟ್ಟಿ ತೆಗೆದರೆ ಡಿಸ್ಪ್ಲೇದ್ದೇ ಮೂರೋ ನಾಲ್ಕೋ ಪ್ಯಾಕೇಜ್ ಅಡಗಿ ಕೂತಿದ್ದವು. ಒಂದೊಂದಕ್ಕೂ ವಿಂಡೋಸ್ ಕೊಟ್ಟ ಓಇಎಂ ನಂಬರು ಚೀಟಿಯಲ್ಲಿ ಬರೆದುಕೊಂಡು ಅಳಿಸಿದೆ. ಕಾರ್ಡು ಎನ್‌ವಿಡಿಯಾದ ಹಳೇ ಜಿಟಿ 710. ಅದಕ್ಕೆ ಡ್ರೈವರಿನ 470 ಸರಣಿಯೇ ಕೊನೆ. ಅದಕ್ಕಿಂತ ಹೊಸದು ಹಾಕಲು ಹೋದರೆ ಹೊಂದುವ ಹಾರ್ಡ್‌ವೇರ್ ಇಲ್ಲ ಎಂದು ಇನ್‌ಸ್ಟಾಲರೇ ಹೊರಗೆ ದಬ್ಬುತ್ತದೆ. 470ರಲ್ಲೂ ಎರಡು ಆವೃತ್ತಿ ಹಾಕಿ ನೋಡಿದೆ. ಒಂದು ಮಿಣುಕಿತು, ಇನ್ನೊಂದು ನಿಂತಿತು. ಯಾವುದು ಅಂತ ಕೇಳಬೇಡಿ, ಹೊಟ್ಟೆಪಾಡು.

ಆಮೇಲೆ ಕೇಬಲ್ ಚುಚ್ಚಿ, ಅಪ್‌ಡೇಟ್ ಬಚ್ಚಿಡುವ ಟೂಲಿನಿಂದ ಅಪ್‌ಡೇಟ್ ತರುವ ಆ ಕೆಟ್ಟ ಡ್ರೈವರನ್ನು ಮರೆ ಮಾಡಿದೆ. ಪ್ರೊ ಆವೃತ್ತಿ ಆಗಿದ್ದರೆ ಗ್ರೂಪ್ ಪಾಲಿಸಿ ಎಂಬ ಸೆಟ್ಟಿಂಗಿನಲ್ಲಿ ಅಪ್‌ಡೇಟ್ ಜೊತೆ ಡ್ರೈವರ್ ಬೇಡ ಎಂದರೆ ಮುಗಿಯಿತು. ಇದು ಹೋಮ್, ಹಾಗಾಗಿ ವಿಂಡೋಸಿನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಗೆ ಕೈ ಹಾಕಿದೆ. ಅಲ್ಲೂ ನನ್ನದೊಂದು ಒಳದಾರಿ ಇದೆ.

ಇದೇ ಹುರುಪಿನಲ್ಲಿ ಧಾರವಾಡದ ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೂ ಕೈ ಹಾಕಿದೆ. ಸೇಫ್ ಮೋಡಿಗೆ ಹೋದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ಕೀ ಕೇಳಿತು! ಕೀ ಇದ್ದದ್ದು ಅವನ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ, ಅದರ ಪಾಸ್‌ವರ್ಡ್ ನೆನಪಾಗಲು ಒಂದು ದಿನ ಹಿಡಿಯಿತು. ಈಗ ಕೀ ಬರೆದುಕೊಳ್ಳದೇ ಲ್ಯಾಪ್‌ಟಾಪ್ ಇಳಿಸಿಕೊಳ್ಳುವುದೇ ಇಲ್ಲ.

ಸಾವಕಾರ್ರು ಬಂದು ಮೊದಲು ತೆರೆದದ್ದು ಒಂದು ಲಗ್ನಪತ್ರಿಕೆ. ಒತ್ತಕ್ಷರ ಒಂದೂ ಒಡೆದಿರಲಿಲ್ಲ. 1,200 ಕೊಟ್ಟರು. ಕಾರ್ಡಿನ ಲೆಕ್ಕ ಹಿಡಿದರೆ ನನಗೇ 200 ಲುಕ್ಸಾನು. ಆದರೆ ಅದಾದ ಮೇಲೆ ಇಂಥವೇ ಹದಿನೈದರ ಹತ್ತಿರ ಮಷಿನ್ ಬಂದಿವೆ, ಒಂದಕ್ಕೆ 600ರಿಂದ 800 ಸಿಗುತ್ತದೆ. ಪಕ್ಕದ ಅಂಗಡಿಯವರೂ ಕಳಿಸುತ್ತಾರೆ, ಮಷಿನ್ನಿಗೆ ನೂರು ರೂಪಾಯಿ ಕಮಿಷನ್ ಕೇಳುತ್ತಾರೆ. ಕೊಡುತ್ತೇನೆ.