ನಾಲ್ಕು ಹಂಡೆ, ಒಂದೇ ಚೊಗರಿನ ಬಣ್ಣ: ನನ್ನ ಅನುಭವ

ಜವಳಿ ವಿಭಾಗದ ವಿದ್ಯಾರ್ಥಿಗಳು, ಓದು ಮುಗಿಸಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸ್ವಂತ ಕೆಲಸ ಹಿಡಿದವರು, ಮಗ್ಗದವರು ಸೇರಿದ ಬಳಗ ನಮ್ಮದು. ಒಂದೇ ಆರ್ಡರಿನ ಹತ್ತಿ ನೂಲಿಗೆ ನಾಲ್ಕು ಕಡೆ ಬಣ್ಣ ಕಟ್ಟುತ್ತೇವೆ. ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆ ನೋಡಿದವರಿಗೆ ಚೊಗರಿನ, ಅಂದರೆ ಅಡಿಕೆ ಬೇಯಿಸಿ ಉಳಿದ ನೀರಿನ, ಬಣ್ಣ ಹೊಸತಲ್ಲ. ಆದರೆ ಹಾಸು (ಉದ್ದದ ಎಳೆ) ಒಂದು ಮನೆಯದು, ಹೊಕ್ಕು (ಅಡ್ಡ ಎಳೆ) ಇನ್ನೊಂದು ಮನೆಯದು ಎಂದಾಗ "ಸ್ವಲ್ಪ ಗಾಢ ಕಂದು" ಎಂಬ ಮಾತು ಕೆಲಸಕ್ಕೆ ಬಾರದು. ತೂಕ ಹೇಳಬೇಕು.

ತೊಡಕು ಶುರುವಾಗುವುದು ಚೊಗರಿನಲ್ಲೇ. ಅದೇ ನೀರಿನಲ್ಲಿ ಅಡಿಕೆ ಮತ್ತೆ ಮತ್ತೆ ಬೇಯಿಸಿದಷ್ಟೂ ಅದು ಗಟ್ಟಿ. ಮೊದಲ ಬೇಯಿಸಿನದು ಬರೀ ಕೆಂಪು ನೀರು. ಹಾಗಾಗಿ ಲೀಟರಿನ ಲೆಕ್ಕ ಬಿಟ್ಟೆವು. 10 ಗ್ರಾಂ ಚೊಗರನ್ನು ತಟ್ಟೆಯಲ್ಲಿ ಪೂರ್ತಿ ಒಣಗಿಸಿ ತೂಗುತ್ತೇವೆ. 4 ಗ್ರಾಂ ಉಳಿದರೆ ಸಾರ ಶೇಕಡಾ 40. ಒಂದು ಕೆ.ಜಿ. ನೂಲಿಗೆ 200 ಗ್ರಾಂ ಒಣ ಸಾರ ಬೇಕು, ಅಂದರೆ ಆ ಚೊಗರು 500 ಗ್ರಾಂ.

ನೂಲಿನ ತಯಾರಿ: ಲಡಿಗಳನ್ನು (ನೂಲಿನ ಸುರುಳಿಗಳನ್ನು) ಎಂಟರಾಕಾರದಲ್ಲಿ ಸಡಿಲವಾಗಿ ಕಟ್ಟಿ. ಬಿಗಿದರೆ ಕಟ್ಟಿನಡಿ ಬಿಳಿ ಮಚ್ಚೆ ಉಳಿಯುತ್ತದೆ, ನೇಯ್ದ ಮೇಲೆ ಅದು ಎದ್ದು ಕಾಣುತ್ತದೆ. ಕೆ.ಜಿ.ಗೆ 30 ಲೀಟರ್ ನೀರು, 50 ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ, ತೊಳೆಯಿರಿ. ಒಂದು ಹನಿ ನೀರು ಬಿಟ್ಟ ತಕ್ಷಣ ನೂಲು ಹೀರಿಕೊಳ್ಳದಿದ್ದರೆ ಜಿಡ್ಡು ಹೋಗಿಲ್ಲ, ಮತ್ತೆ ಕುದಿಸಿ. ಅವಸರದವರು ತಪ್ಪುವುದೇ ಇಲ್ಲಿ.

ಬಳಿಕ ಬಣ್ಣ ಕಚ್ಚಲು ಪಟಿಕ 150 ಗ್ರಾಂ ಬಿಸಿನೀರಿನಲ್ಲಿ ಕರಗಿಸಿ, 20 ಗ್ರಾಂ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಬೆರೆಸಿ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಬಕೆಟ್ ದಾಟುತ್ತದೆ. ನೂಲು ರಾತ್ರಿಯಿಡೀ ಅದರಲ್ಲಿರಲಿ. ಒಗರಿಗೆಂದು ಹಾಕುವ ಅಳಲೆಕಾಯಿ ಬೇಡ ಎನ್ನುವುದು ನನ್ನ ಮತ: ಚೊಗರೇ ಸಾಕಷ್ಟು ಒಗರು.

ಬಣ್ಣದ ಹಂಡೆ ಸ್ಟೀಲಿನದೇ ಆಗಲಿ. ಚೊಗರಿನ ನೀರಿಗೆ ನೂಲು ಇಳಿಸಿ ನಿಧಾನ ಕಾಯಿಸಿ, ಕುದಿಯ ಅಂಚಿನಲ್ಲಿ ಒಂದು ಗಂಟೆ ಹಿಡಿದು, ಐದೈದು ನಿಮಿಷಕ್ಕೆ ಲಡಿ ತಿರುಗಿಸುತ್ತಿರಿ.

ನಮ್ಮನ್ನು ಬಹಳ ಕಾಡಿದ್ದು ನೀರು. ಕೆಂಪು ಜಂಬಿಟ್ಟಿಗೆ ನೆಲದ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವಿದ್ದರೆ ಕೆಂಗಂದು ಬರಬೇಕಾದಲ್ಲಿ ಬೂದು ಬರುತ್ತದೆ. ಲೋಟ ನೀರಿಗೆ ನಾಲ್ಕು ಹನಿ ಚೊಗರು ಬಿಟ್ಟು ಹತ್ತು ನಿಮಿಷ ಕಾಯಿರಿ. ಮಂಕು ಕಪ್ಪಿಗೆ ತಿರುಗಿದರೆ ಆ ನೀರು ಬೇಡ. ಹಂಚಿನ ಮಾಡಿನ ಮಳೆನೀರು ಒಳ್ಳೆಯದು, ತುಕ್ಕು ಹಿಡಿದ ತಗಡಿನದಲ್ಲ. ಬೂದು ಬೇಕೆಂದೇ ಇದ್ದರೆ ಕೊನೆಯಲ್ಲಿ ಕೆ.ಜಿ.ಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) 10 ಗ್ರಾಂ, 20ಕ್ಕಿಂತ ಮೇಲೆ ಬೇಡ. ಜಾಸ್ತಿಯಾದರೆ ನೂಲು ಪುಡಿಯಾಗಿ ಹಾಸು ಕಡಿಯುತ್ತದೆ.

ಒಣಗಿಸುವಾಗ ಲಡಿಯನ್ನು ಆಗಾಗ ತಿರುಗಿಸದಿದ್ದರೆ ಬಣ್ಣ ಕೆಳಕ್ಕಿಳಿದು ಗೆರೆ ಬೀಳುತ್ತದೆ. ಆಷಾಢದಲ್ಲಿ ಒಳಗೆ ಒಣಗಿಸಿದ ನೂಲಿಗೆ ಬೂಷ್ಟು ಹಿಡಿಯುತ್ತದೆ, ಫ್ಯಾನ್ ಇಲ್ಲದವರು ಆ ತಿಂಗಳ ಪಾಲು ಕೇಳದಿರುವುದೇ ಲೇಸು.

ಬಣ್ಣ ಕಟ್ಟಿದವರು ಪ್ರತಿ ಹಂಡೆಯಿಂದ ಒಂದು ಮೊಳ ನೂಲು ಚೀಟಿಗೆ ಹೊಲಿದು, ಚೊಗರಿನ ಸಾರ, ನೀರಿನ ಮೂಲ, ದಿನಾಂಕ ಬರೆದು ವಿಭಾಗದ ಪೆಟ್ಟಿಗೆಗೆ ಕಳಿಸುತ್ತಾರೆ. ಅಲ್ಲಿ ವಿದ್ಯಾರ್ಥಿಗಳು ಬಿಳಿ ಬಟ್ಟೆಯ ಜೊತೆ ಹೊಲಿದು ಸೋಪಿನಲ್ಲಿ ಅರ್ಧ ಗಂಟೆ ಒಗೆದು ಬಣ್ಣ ಬಿಡುತ್ತದೆಯೇ ನೋಡುತ್ತಾರೆ. ಚೀಟಿ ಬಾರದ ನೂಲು ಮಗ್ಗಕ್ಕೆ ಏರುವುದಿಲ್ಲ. ಬಣ್ಣ ಮಾಸುತ್ತದೆಯೇ ಎಂದು ನೂಲಿನ ಅರ್ಧಕ್ಕೆ ರಟ್ಟು ಮುಚ್ಚಿ ಬಿಸಿಲಿಗಿಡುವ ಪರೀಕ್ಷೆ ಮಾತ್ರ ಜನವರಿವರೆಗೆ ಕಾಯುತ್ತದೆ.