ಕ್ಯಾಲಿಫೋರ್ನಿಯಾದಲ್ಲಿ ಮದ್ವೆ ಲೈಸೆನ್ಸ್ ತಗೊಳ್ಳೋದು ಹೇಗೆ? ಕೌಂಟಿ ಆಫೀಸಿಗೆ ಹೋಗೋ ಮುಂಚೆ ಓದ್ಕೊಳ್ಳಿ

ಸ್ಯಾನ್ ಹೋಸೆ, ಸನ್ನಿವೇಲ್, ಫ್ರೀಮಾಂಟ್ ಕಡೆ ಇರೋ ನಮ್ಮ ಹುಡುಗ ಹುಡುಗೀರು ಮದ್ವೆ ಅಂದ್ರೆ ಮಂಟಪ, ಅಡುಗೆಯವ್ರು, ಫೋಟೋಗ್ರಾಫರು, ಮೆಹಂದಿಯವ್ರು ಎಲ್ಲಾರ್ನೂ ಆರು ತಿಂಗಳು ಮುಂಚೆನೇ ಬುಕ್ ಮಾಡಿರ್ತಾರೆ, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಆಫೀಸ್ ಒಂದು ಇದೆ ಅನ್ನೋದು ನೆನಪಾಗೋದು ಮಾತ್ರ ಮುಹೂರ್ತದ ಹಿಂದಿನ ವಾರ. ಅಮೆರಿಕಾದಲ್ಲಿ ಮದ್ವೆ ಕಾನೂನು ಆಯಾ ರಾಜ್ಯದ್ದು, ಲೈಸೆನ್ಸ್ ಕೊಡೋದು ಬಹುತೇಕ ಕಡೆ ಕೌಂಟಿ. ಹಾಗಾಗಿ ಟೆಕ್ಸಾಸಲ್ಲಿರೋ ಅಕ್ಕ ಹೇಳಿದ್ದು ಇಲ್ಲಿಗೆ ಹೊಂದಲ್ಲ, ನ್ಯೂಜೆರ್ಸಿ ಭಾವ ಹೇಳಿದ್ದೂ ಹೊಂದಲ್ಲ. ಇಲ್ಲಿ ಬರ್ದಿರೋದು ಕ್ಯಾಲಿಫೋರ್ನಿಯಾದ ಲೆಕ್ಕ, ಅದ್ರಲ್ಲೂ ನಮ್ಮವ್ರು ಜಾಸ್ತಿ ಇರೋ ಸಾಂಟಾ ಕ್ಲಾರಾ ಕೌಂಟಿ ಕಡೆಯದ್ದು.

ಮೊದಲು ಒಂದ್ ವಿಷ್ಯ ಸ್ಪಷ್ಟ ಮಾಡ್ಕೊಳ್ಳಿ. ಲೈಸೆನ್ಸ್ ಅಂದ್ರೆ ಮದ್ವೆ ಆಗೋಕೆ ಪರ್ಮಿಷನ್ ಅಷ್ಟೇ, ಮದ್ವೆ ಆಯ್ತು ಅನ್ನೋದಕ್ಕೆ ಪುರಾವೆ ಅಲ್ಲ. ನಮ್ಮ ಎಲ್‌ಎಲ್‌ಆರ್ ಇದ್ದ ಹಾಗೆ, ಕೈಯಲ್ಲಿ ಇದೆ ಅಂದ ಮಾತ್ರಕ್ಕೆ ಡಿಎಲ್ ಬಂದ ಹಾಗಲ್ಲ. ಲೈಸೆನ್ಸ್ ತಗೊಂಡು, ಮದ್ವೆ ಆಗಿ, ಮಾಡಿಸಿದವ್ರು ಸಾಕ್ಷಿ ಸಮೇತ ಸೈನ್ ಹಾಕಿ, ಆ ಪೇಪರ್ ವಾಪಸ್ ಕೌಂಟಿಗೆ ಹೋಗಿ ರಿಜಿಸ್ಟರ್ ಆದ್ಮೇಲೇನೇ ಸರ್ಟಿಫಿಕೇಟ್ ಸಿಗೋದು. ವೀಸಾ, ಇನ್ಶೂರೆನ್ಸ್, ಬ್ಯಾಂಕು ಎಲ್ಲಾ ಕಡೆ ಕೇಳೋದು ಆ ಸರ್ಟಿಫಿಕೇಟನ್ನ.

ಯಾರಿಗೆ ಕೊಡ್ತಾರೆ

ಇಬ್ರಿಗೂ 18 ತುಂಬಿರ್ಬೇಕು (ಅದಕ್ಕಿಂತ ಕಮ್ಮಿ ಇದ್ರೆ ಕೋರ್ಟ್ ಆರ್ಡರ್ ಬೇಕು, ಆ ಕಥೆ ಇಲ್ಲಿ ಬೇಡ), ಇಬ್ರೂ ಸದ್ಯಕ್ಕೆ ಬೇರೆ ಯಾರ ಜೊತೆಗೂ ಮದ್ವೆ ಆಗಿರ್ಬಾರ್ದು. ಮುಖ್ಯವಾಗಿ ಇಷ್ಟು. ಸಿಟಿಜನ್ ಆಗಿರ್ಬೇಕಾ? ಬೇಡ. ಗ್ರೀನ್ ಕಾರ್ಡ್ ಬೇಕಾ? ಬೇಡ. ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ದಿನ ವಾಸ ಇರ್ಬೇಕು ಅನ್ನೋ ರೂಲ್ಸೂ ಇಲ್ಲ. ಎಚ್-1ಬಿ (ಕೆಲಸದ ವೀಸಾ), ಸ್ಟೂಡೆಂಟ್ ವೀಸಾ, ಟೂರಿಸ್ಟ್ ವೀಸಾ ಯಾವುದ್ರಲ್ಲಿದ್ರೂ ಲೈಸೆನ್ಸ್ ಕೊಡ್ತಾರೆ, ಕೌಂಟರಲ್ಲಿರೋ ಕ್ಲರ್ಕ್‌ಗೆ ನಿಮ್ಮ ವೀಸಾದ ಚಿಂತೆ ಇಲ್ಲ. ಆದ್ರೆ ಟೂರಿಸ್ಟ್ ವೀಸಾದಲ್ಲಿ ಬಂದು ಮದ್ವೆ ಆಗಿ ಇಲ್ಲೇ ಉಳ್ಕೊಳ್ಳೋ ಪ್ಲಾನ್ ಇದ್ರೆ ಅದು ಇಮಿಗ್ರೇಷನ್ ಪ್ರಶ್ನೆ, ಮದ್ವೆಗೆ ಮುಂಚೆನೇ ವಕೀಲ್ರನ್ನ ಕೇಳಿ.

ಬ್ಲಡ್ ಟೆಸ್ಟ್ ಬಗ್ಗೆ ಹಳೇ ಕಾಲದವ್ರು ಹೆದರಿಸ್ತಾರೆ, ಅದು 1995ರಲ್ಲೇ ಹೋಯ್ತು. ಇನ್ನು ಕಾಯೋ ಅವಧಿ. ನಮ್ಮಲ್ಲಿ ಸ್ಪೆಷಲ್ ಮ್ಯಾರೇಜ್ ಆಕ್ಟ್ ಕೆಳಗೆ ಹೋದ್ರೆ ನೋಟಿಸ್ ಬೋರ್ಡಿಗೆ ಹೆಸರು ಹಾಕಿ 30 ದಿನ ಕಾಯಿಸ್ತಾರಲ್ಲ, ಇಲ್ಲಿ ಅದೆಲ್ಲಾ ಇಲ್ಲ, ಬೆಳಗ್ಗೆ ಲೈಸೆನ್ಸ್ ತಗೊಂಡು ಮಧ್ಯಾಹ್ನವೇ ಮದ್ವೆ ಆಗ್ಬೋದು. ಗಂಡು ಗಂಡು, ಹೆಣ್ಣು ಹೆಣ್ಣು ಆದ್ರೂ ಇದೇ ಫಾರ್ಮು, ಇದೇ ಫೀಸು.

ಎರಡು ಥರದ ಲೈಸೆನ್ಸು

ಪಬ್ಲಿಕ್ ಅಂತ ಒಂದು, ಕಾನ್ಫಿಡೆನ್ಷಿಯಲ್ ಅಂತ ಇನ್ನೊಂದು. ಎರಡನೇದ್ರ ಹೆಸರು ಕೇಳಿ ಓಡಿಹೋಗಿ ಮದ್ವೆ ಆಗೋರಿಗೆ ಅಂದ್ಕೋಬೇಡಿ. ಅದ್ರಲ್ಲಿ ಸಾಕ್ಷಿ ಬೇಡ, ರೆಕಾರ್ಡ್ ಸಾರ್ವಜನಿಕರಿಗೆ ಸಿಗಲ್ಲ, ಗಂಡ ಹೆಂಡ್ತಿಗೆ ಮಾತ್ರ ಕಾಪಿ ಕೊಡ್ತಾರೆ, ಆದ್ರೆ ಅರ್ಜಿ ಹಾಕೋ ಹೊತ್ತಿಗೆ ಇಬ್ರೂ ಈಗಾಗ್ಲೇ ದಂಪತಿ ಥರ ಒಟ್ಟಿಗೆ ವಾಸ ಮಾಡ್ತಿದೀವಿ ಅಂತ ಪ್ರಮಾಣ ಮಾಡಿ ಸೈನ್ ಹಾಕ್ಬೇಕು. ಪಬ್ಲಿಕ್‌ಗೆ ಕನಿಷ್ಠ ಒಬ್ರು ಸಾಕ್ಷಿ ಬೇಕು, ಇಬ್ರಿಗೆ ಜಾಗ ಇರತ್ತೆ, ಮೂರನೇ ಮಾವನಿಗೆ ಬೇಜಾರಾದ್ರೂ ಮೂರನೇ ಸೈನಿಗೆ ಜಾಗ ಇಲ್ಲ. ಅಪ್ಪ ಅಮ್ಮ, ಬಂಧು ಬಳಗ ಸೇರಿಸ್ಕೊಂಡು ಮದ್ವೆ ಆಗೋರಿಗೆ ಪಬ್ಲಿಕ್ ಲೈಸೆನ್ಸೇ ಸಾಕು, ಮುಂದೆ ಕೂಡ ಅದ್ರದ್ದೇ ನಿರಾಳ.

ಆಫೀಸಿಗೆ ಹೋಗೋದು

ಸಾಂಟಾ ಕ್ಲಾರಾ ಕೌಂಟಿಯ ಕ್ಲರ್ಕ್-ರೆಕಾರ್ಡರ್ ಆಫೀಸ್ ಸ್ಯಾನ್ ಹೋಸೆಯ ವೆಸ್ಟ್ ಟಾಸ್ಮನ್ ಡ್ರೈವಲ್ಲಿದೆ. ಮುಂಚೆ ಹೆಡ್ಡಿಂಗ್ ಸ್ಟ್ರೀಟಲ್ಲಿತ್ತು, ಹಳೇ ಅಡ್ರೆಸ್ ಇಟ್ಕೊಂಡು ಹೊರಡಬೇಡಿ. ಫ್ರೀಮಾಂಟ್ ಅಲಮೀಡಾ ಕೌಂಟಿಗೆ ಸೇರತ್ತೆ, ಆದ್ರೆ ಪಬ್ಲಿಕ್ ಲೈಸೆನ್ಸನ್ನ ರಾಜ್ಯದ 58 ಕೌಂಟಿಗಳಲ್ಲಿ ಯಾವುದ್ರಲ್ಲಿ ಬೇಕಾದ್ರೂ ತಗೊಂಡು ರಾಜ್ಯದೊಳಗೆ ಎಲ್ಲಿ ಬೇಕಾದ್ರೂ ಮದ್ವೆ ಆಗ್ಬೋದು, ಹಾಗಾಗಿ ಅಪಾಯಿಂಟ್‌ಮೆಂಟ್ ಎಲ್ಲಿ ಬೇಗ ಸಿಗತ್ತೋ ಅಲ್ಲಿಗೆ ಹೋಗಿ.

ಅರ್ಜಿಯನ್ನ ಮನೇಲೇ ಆನ್‌ಲೈನಲ್ಲಿ ತುಂಬಿ ಸ್ಲಾಟ್ ತಗೊಂಡು ಆಮೇಲೆ ಇಬ್ರೂ ಹೋಗೋದು ವಾಡಿಕೆ. ಇಬ್ರೂ ಅಂದ್ರೆ ಇಬ್ರೂ, ಒಬ್ರು ಆಫೀಸ್ ಮೀಟಿಂಗಲ್ಲಿದಾರೆ ಅಂತ ಇನ್ನೊಬ್ರೇ ಹೋಗೋಕಾಗಲ್ಲ, ಅಪ್ಪ ಅಮ್ಮ ಹೋಗಿ ತರೋ ಹಾಗೂ ಇಲ್ಲ. ಅವಧಿ ಮುಗೀದೇ ಇರೋ ಫೋಟೋ ಐಡಿ ಬೇಕು. ಪಾಸ್‌ಪೋರ್ಟ್ ಆದ್ರೆ ಒಳ್ಳೇದು, ಡ್ರೈವಿಂಗ್ ಲೈಸೆನ್ಸೂ ನಡಿಯತ್ತೆ, ಒರಿಜಿನಲ್ಲೇ ತಗೊಂಡು ಹೋಗಿ, ಮೊಬೈಲಲ್ಲಿರೋ ಫೋಟೋ ನಂಬ್ಕೊಂಡು ಹೋಗ್ಬೇಡಿ. ಫೀಸ್ ಕೌಂಟಿಗೊಂದು ಥರ, ನೂರು ಡಾಲರ್ ಆಚೀಚೆ ಇಟ್ಕೊಂಡಿರಿ. ಕಲ್ಯಾಣ ಮಂಟಪದ ಅಡ್ವಾನ್ಸ್ ಮುಂದೆ ಇದೇನ್ ದುಡ್ಡಲ್ಲ ಬಿಡಿ.

ಮುಂಚೆ ಮದ್ವೆ ಆಗಿ ಡಿವೋರ್ಸ್ ಆಗಿದ್ರೆ ಅದು ಫೈನಲ್ ಆದ ಸರಿಯಾದ ತಾರೀಖು ಗೊತ್ತಿರ್ಬೇಕು. ಡಿವೋರ್ಸ್ ಇತ್ತೀಚೆಗೆ ಆಗಿದ್ರೆ ಎಷ್ಟೋ ಕೌಂಟಿಗಳು ಆದೇಶದ ಕಾಪಿನೂ ಕೇಳ್ತವೆ, ಬೆಂಗಳೂರಿನ ಫ್ಯಾಮಿಲಿ ಕೋರ್ಟಿನ ಡಿಕ್ರಿ ಇದ್ರೆ ಊರಿಂದ ತರಿಸಿ ಇಟ್ಕೊಳ್ಳಿ, ಅದು ಕೊನೇ ವಾರದಲ್ಲಿ ಆಗೋ ಕೆಲ್ಸ ಅಲ್ಲ. ಜೊತೆಗೆ ಇಬ್ರ ಅಪ್ಪ ಅಮ್ಮನ ಹೆಸರೂ ಹುಟ್ಟಿದ ದೇಶವೂ ಕೇಳ್ತಾರೆ, ಅಮ್ಮಂದು ಮದ್ವೆಗೆ ಮುಂಚಿನ ಹೆಸರು. ನಮ್ಮ ಎಷ್ಟೋ ಅಮ್ಮಂದಿರಿಗೆ ಇನಿಷಿಯಲ್ ಬಿಟ್ರೆ ಲಾಸ್ಟ್ ನೇಮ್ ಅನ್ನೋದೇ ಇರಲ್ಲ, ಊರಿಗೆ ಒಂದು ಫೋನ್ ಹಾಕಿ ಅಜ್ಜನ ಹೆಸರು, ಇನಿಷಿಯಲ್ ಏನು ಎತ್ತ ಅಂತ ಮುಂಚೆನೇ ಕೇಳಿ ಬರ್ಕೊಂಡಿರಿ.

ಹೆಸರಿನ ಕಾಲಂ, ಇಲ್ಲಿ ನಿಧಾನ ಮಾಡಿ

ನಮ್ಮವ್ರು ಎಡವೋದು ಇಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ಮದ್ವೆ ಆದ್ಮೇಲೆ ಹೆಸರು ಏನಿರ್ಬೇಕು ಅನ್ನೋದನ್ನ ಲೈಸೆನ್ಸ್ ಅರ್ಜಿಯಲ್ಲೇ ಹೇಳ್ಬೇಕು, 2009ರಿಂದ ಇದೇ ಕಾನೂನು, ಗಂಡನೂ ಬದಲಾಯಿಸ್ಕೋಬೋದು, ಹೆಂಡ್ತಿನೂ ಬದಲಾಯಿಸ್ಕೋಬೋದು, ಇಬ್ರೂ ಇರೋ ಹೆಸರಲ್ಲೇ ಇರ್ಬೋದು. ಬದಲಾಯಿಸೋದಾದ್ರೆ ಆಯ್ಕೆಗಳು ಇಷ್ಟೇ: ಸಂಗಾತಿಯ ಈಗಿನ ಲಾಸ್ಟ್ ನೇಮ್, ಇಬ್ರಲ್ಲಿ ಯಾರದ್ದಾದ್ರೂ ಹುಟ್ಟಿದಾಗಿನ ಲಾಸ್ಟ್ ನೇಮ್, ಎರಡೂ ಲಾಸ್ಟ್ ನೇಮ್ ಬೆಸೆದ ಒಂದು ಹೆಸರು, ಇಲ್ಲಾ ಮಧ್ಯ ಅಡ್ಡಗೆರೆ ಹಾಕಿದ್ದು. ಮಿಡ್ಲ್ ನೇಮ್‌ಗೂ ಹೀಗೇ ಒಂದಿಷ್ಟು ಆಯ್ಕೆ ಇದೆ. ಫಸ್ಟ್ ನೇಮ್ ಮುಟ್ಟೋ ಹಾಗಿಲ್ಲ.

ಈಗ ನಮ್ಮ ಪದ್ಧತಿ ನೋಡಿ. ಹುಡುಗನ ಹೆಸರು ರಮೇಶ್, ಅವ್ರಪ್ಪ ಶಿವಣ್ಣ, ಪಾಸ್‌ಪೋರ್ಟಲ್ಲಿ ರಮೇಶ್ ಶಿವಣ್ಣ ಅಂತ ಇದೆ ಅಂದ್ಕೊಳ್ಳಿ. ಹುಡುಗಿ ಸುಮಾ. ಮದ್ವೆ ಆದ್ಮೇಲೆ ಮೈಸೂರಲ್ಲಾದ್ರೆ ಸುಮಾ ರಮೇಶ್ ಅಂತಾರೆ, ಯಾರೂ ಏನೂ ಕೇಳಲ್ಲ. ಇಲ್ಲಿನ ಕೌಂಟಿ ಲೆಕ್ಕದಲ್ಲಿ ರಮೇಶ್ ಅನ್ನೋದು ಫಸ್ಟ್ ನೇಮ್, ಹಾಗಾಗಿ ಅದನ್ನ ತಗೊಳ್ಳೋ ಹಾಗಿಲ್ಲ, ಸಿಗೋದು ಸುಮಾ ಶಿವಣ್ಣ. ಅಂದ್ರೆ ಗಂಡನ ಹೆಸರು ಬೇಕು ಅಂತ ಹೋದೋಳಿಗೆ ಮಾವನ ಹೆಸರು ಸಿಕ್ತು! ಸುಮಾ ರಮೇಶ್ ಅಂತಲೇ ಆಗ್ಬೇಕು ಅಂದ್ರೆ ಕೋರ್ಟಲ್ಲಿ ಬೇರೆ ಅರ್ಜಿ ಹಾಕ್ಬೇಕು. ಇದನ್ನ ಕೌಂಟರ್ ಮುಂದೆ ನಿಂತ್ಕೊಂಡು ಐದು ನಿಮಿಷದಲ್ಲಿ ತೀರ್ಮಾನ ಮಾಡ್ಬೇಡಿ, ಮನೇಲಿ ಕೂತು ಮಾತಾಡ್ಕೊಂಡು ಹೋಗಿ, ಯಾಕಂದ್ರೆ ಮದ್ವೆ ಆದ್ಮೇಲೆ ಮನಸ್ಸು ಬದಲಾಯ್ತು ಅಂತ ಆ ಕಾಲಂ ತಿದ್ದಿಸೋಕೆ ಆಗಲ್ಲ.

ನನ್ನ ಕೇಳಿದ್ರೆ ಹೆಸರು ಬದಲಾಯಿಸದೇ ಇರೋದೇ ವಾಸಿ. ಬದಲಾಯಿಸಿದ್ರೆ ಸೋಷಿಯಲ್ ಸೆಕ್ಯುರಿಟಿ ಆಫೀಸು, ಡಿಎಂವಿ (ಇಲ್ಲಿನ ಆರ್‌ಟಿಒ), ಬ್ಯಾಂಕು, ಇಂಡಿಯನ್ ಪಾಸ್‌ಪೋರ್ಟು, ವೀಸಾ, ಊರಲ್ಲಿರೋ ಪಾನ್ ಕಾರ್ಡು, ಸೈಟಿನ ಖಾತೆ, ಒಂದೊಂದನ್ನೂ ಹೊಂದಿಸ್ತಾ ಕೂರ್ಬೇಕು. ಪಾಸ್‌ಪೋರ್ಟಲ್ಲಿ ಒಂದೇ ಹೆಸರು ಇರೋ ನಮ್ಮವ್ರಿಗೆ ಅಮೆರಿಕಾ ವೀಸಾದಲ್ಲಿ ಎಫ್‌ಎನ್‌ಯು ಅಂತ, ಅಂದ್ರೆ ಫಸ್ಟ್ ನೇಮ್ ಗೊತ್ತಿಲ್ಲ ಅಂತ, ಹಾಕಿ ಕೊಟ್ಟಿರ್ತಾರೆ. ಅಂಥವ್ರು ಹೊಸ ಗೊಂದಲ ಮೈಮೇಲೆ ಎಳ್ಕೊಳ್ಳೋ ಮುಂಚೆ ಎರಡು ಸಲ ಯೋಚ್ನೆ ಮಾಡಿ. ಆದ್ರೂ ಇದು ನಿಮ್ಮಿಬ್ರ ಹೆಸರು, ನಿಮ್ಮಿಷ್ಟ.

ಕ್ಲರ್ಕ್ ಪ್ರಿಂಟ್ ತೆಗೆದು ಕೊಟ್ಟಾಗ ಒಂದೊಂದು ಅಕ್ಷರ ನೋಡಿ ಆಮೇಲೆ ಸೈನ್ ಹಾಕಿ. ಲಕ್ಷ್ಮಿಗೆ ಇಂಗ್ಲಿಷಲ್ಲಿ ಎಷ್ಟು ಸ್ಪೆಲಿಂಗ್ ಇದೆ ಅಂತ ನಿಮಗೇ ಗೊತ್ತು.

90 ದಿನ, ಮತ್ತೆ ರಾಜ್ಯದ ಗಡಿ

ಲೈಸೆನ್ಸ್ ಕೊಟ್ಟ ದಿನದಿಂದ 90 ದಿನ ನಡಿಯತ್ತೆ, ಮುಗಿದ್ರೆ ಮತ್ತೆ ಅರ್ಜಿ, ಮತ್ತೆ ಫೀಸು. ಪಂಚಾಂಗ ನೋಡೋರು ಇದನ್ನೂ ಸೇರಿಸಿ ಲೆಕ್ಕ ಹಾಕಿ: ಜೂನ್ ಮೊದಲ ವಾರ ಲೈಸೆನ್ಸ್ ತಗೊಂಡು, ಆಷಾಢ ಕಳೀಲಿ ಶ್ರಾವಣದಲ್ಲಿ ಮುಹೂರ್ತ ಇಡೋಣ ಅಂದ್ರೆ ಸೆಪ್ಟೆಂಬರ್ ಶುರುವಾಗೋ ಹೊತ್ತಿಗೆ ಅವಧಿ ಮುಗಿದಿರತ್ತೆ. ಮುಹೂರ್ತಕ್ಕೆ ಒಂದು ತಿಂಗಳು ಇದ್ದಾಗ ತಗೊಳ್ಳೋದು ಸರಿ. ಉಲ್ಟಾನೂ ಮಾಡ್ಬೇಡಿ, ಅಂದ್ರೆ ಮೊದಲು ತಾಳಿ ಕಟ್ಟಿ ಆಮೇಲೆ ಲೈಸೆನ್ಸ್ ತರೋದು. ಲೈಸೆನ್ಸ್ ತಾರೀಖಿಗಿಂತ ಹಿಂದೆ ಆದ ಮದ್ವೆಯನ್ನ ಆ ಪೇಪರಲ್ಲಿ ಬರೆಯೋಕಾಗಲ್ಲ, ಇನ್ನೊಂದು ಸಲ ಶಾಸ್ತ್ರ ಮಾಡ್ಬೇಕಾಗತ್ತೆ.

ಕ್ಯಾಲಿಫೋರ್ನಿಯಾ ಲೈಸೆನ್ಸ್ ಕ್ಯಾಲಿಫೋರ್ನಿಯಾ ಒಳಗೆ ಮಾತ್ರ. ಇಲ್ಲಿ ಲೈಸೆನ್ಸ್ ತಗೊಂಡು ಬೆಂಗಳೂರಿಗೆ ಹೋಗಿ ಮದ್ವೆ ಆಗಿ ಬಂದು ಆ ಪೇಪರ್ ತುಂಬ್ಸೋಣ ಅನ್ನೋ ಐಡಿಯಾ ಇದ್ರೆ ಬಿಟ್ಬಿಡಿ. ಲೇಕ್ ಟಾಹೋದಲ್ಲಿ ಮದ್ವೆ ಇಟ್ಕೊಳ್ಳೋರು ಇನ್ನೂ ಹುಷಾರು, ಸರೋವರದ ಮಧ್ಯೆನೇ ರಾಜ್ಯದ ಗಡಿ ಹೋಗತ್ತೆ, ಸೌತ್ ಲೇಕ್ ಟಾಹೋ ಕ್ಯಾಲಿಫೋರ್ನಿಯಾ, ಪಕ್ಕದ ಸ್ಟೇಟ್‌ಲೈನ್ ನೆವಾಡಾ. ನಿಮ್ಮ ಹೋಟೆಲ್ ಆ ಕಡೆ ಇದ್ರೆ ನೆವಾಡಾ ಲೈಸೆನ್ಸೇ ಬೇಕು.

ಮದ್ವೆ ಮಾಡಿಸೋರು ಯಾರು

ಯಾವುದೇ ಧರ್ಮದ ಪುರೋಹಿತರು, 18 ತುಂಬಿದವ್ರು ಆದ್ರೆ ಆಯ್ತು, ಅವ್ರು ಸರ್ಕಾರದ ಹತ್ರ ಮೊದಲೇ ರಿಜಿಸ್ಟರ್ ಮಾಡ್ಕೊಂಡಿರ್ಬೇಕು ಅಂತಿಲ್ಲ. ಸನ್ನಿವೇಲ್ ಹಿಂದೂ ಟೆಂಪಲ್, ಲಿವರ್ಮೋರಿನ ಶಿವ-ವಿಷ್ಣು ದೇವಸ್ಥಾನದಂಥ ಕಡೆ ಇರೋ ಅರ್ಚಕರಿಗೆ ಈ ಫಾರ್ಮು ಹೊಸದೇನಲ್ಲ. ಹೊಸಬ್ರಾದ್ರೆ ನೀವೇ ಮುಂಚೆ ತೋರಿಸಿಬಿಡಿ. ಆದ್ರೆ ಊರಿನ ಕುಲಪುರೋಹಿತರು ಶಿವಮೊಗ್ಗದಿಂದ ವೀಡಿಯೊ ಕಾಲಲ್ಲಿ ಮಂತ್ರ ಹೇಳಿ ಮುಗಿಸಿದ್ರೆ ಕಾನೂನಿಗೆ ಸಾಲಲ್ಲ, ಗಂಡು, ಹೆಣ್ಣು, ಮದ್ವೆ ಮಾಡಿಸೋರು, ಸಾಕ್ಷಿ ಎಲ್ಲಾ ಒಂದೇ ಜಾಗದಲ್ಲಿ ಎದುರುಬದುರು ಇರ್ಬೇಕು. ಸಾಕ್ಷಿಗೆ ಇಷ್ಟೇ ವಯಸ್ಸು ಅಂತಿಲ್ಲ, ಏನ್ ನಡೀತಿದೆ ಅಂತ ಅರ್ಥ ಆಗಿ ಸೈನ್ ಹಾಕೋಕೆ ಬಂದ್ರೆ ಸಾಕು.

ಶಾಸ್ತ್ರ ಗೀಸ್ತ್ರ ಬೇಡ ಅನ್ನೋರು ಕೌಂಟಿ ಆಫೀಸಲ್ಲೇ ಸಿವಿಲ್ ಮದ್ವೆಗೆ ಬೇರೆ ಸ್ಲಾಟ್, ಬೇರೆ ಫೀಸ್ ಕೊಟ್ಟು ಮಾಡಿಸ್ಕೋಬೋದು, ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲಿನ ಆ ದೊಡ್ಡ ಮೆಟ್ಟಿಲ ಮೇಲೆ ಫೋಟೋ ಬೇಕು ಅಂತಲೇ ಅಲ್ಲಿಗೆ ಹೋಗೋರೂ ಇದಾರೆ. ಸಾಕ್ಷಿ ಮಾತ್ರ ನೀವೇ ಕರ್ಕೊಂಡು ಹೋಗಿ. ಆಪ್ತ ಸ್ನೇಹಿತನೇ ಮದ್ವೆ ಮಾಡಿಸ್ಲಿ ಅನ್ನೋ ಆಸೆ ಇದ್ರೆ ಒಂದು ದಿನದ ಮಟ್ಟಿಗೆ ಡೆಪ್ಯುಟಿ ಕಮಿಷನರ್ (ನಮ್ಮ ಜಿಲ್ಲೆಯ ಡಿಸಿ ಅಲ್ಲ, ಮದ್ವೆ ಮಾಡಿಸೋ ಅಧಿಕಾರ ಇರೋರು) ಅಂತ ಪ್ರಮಾಣ ವಚನ ಕೊಡಿಸೋ ವ್ಯವಸ್ಥೆ ಎಷ್ಟೋ ಕೌಂಟಿಗಳಲ್ಲಿದೆ.

ಪೇಪರ್ ವಾಪಸ್

ಮುಹೂರ್ತದ ದಿನ ಗಲಾಟೆಯಲ್ಲಿ ಈ ಹಾಳೆ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ. ತಂಗಿಗೋ ಸ್ನೇಹಿತನಿಗೋ ಜವಾಬ್ದಾರಿ ಕೊಟ್ಟು, ಊಟಕ್ಕೆ ಕೂರೋ ಮುಂಚೆನೇ ಪುರೋಹಿತರ ಸೈನು, ಅಡ್ರೆಸ್ಸು, ಮದ್ವೆ ಆದ ತಾರೀಖು, ಊರು, ಕೌಂಟಿ, ಸಾಕ್ಷಿ ಸೈನು ಎಲ್ಲಾ ಕಪ್ಪು ಶಾಯಿಯಲ್ಲಿ ತುಂಬಿಸಿಬಿಡಿ. ಹೊಡೆದು ಬರೆಯೋದು, ವೈಟ್ನರ್ ಹಚ್ಚೋದು ಮಾಡ್ಲೇಬೇಡಿ, ಮಾಡಿದ್ರೆ ಡೂಪ್ಲಿಕೇಟ್ ತಗೊಂಡು ಮತ್ತೆ ಎಲ್ಲರ ಸೈನ್ ಹಾಕಿಸ್ಬೇಕು. ಕುಂಕುಮದ ಕೈ ದೂರ ಇಡಿ.

ಆಮೇಲೆ 10 ದಿನದೊಳಗೆ ಅದು ಲೈಸೆನ್ಸ್ ಕೊಟ್ಟ ಕೌಂಟಿಗೇ ವಾಪಸ್ ಹೋಗ್ಬೇಕು. ಸ್ಯಾನ್ ಹೋಸೆಯಲ್ಲಿ ತಗೊಂಡು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮದ್ವೆ ಆದ್ರೂ ಹೋಗೋದು ಸ್ಯಾನ್ ಹೋಸೆಗೇ. ಕಾನೂನು ಪ್ರಕಾರ ಕಳಿಸೋ ಕೆಲಸ ಮದ್ವೆ ಮಾಡಿಸಿದವ್ರದ್ದು, ಆದ್ರೆ ಪುರೋಹಿತರಿಗೆ ಅದೇ ದಿನ ಇನ್ನೊಂದು ಗೃಹಪ್ರವೇಶ ಇರತ್ತೆ, ನೀವೇ ಕೇಳಿ ಕೇಳಿ ಕಳ್ಸಿ. ಕಳಿಸೋ ಮುಂಚೆ ನಿಮ್ಮ ಹತ್ರ ಒಂದು ಫೋಟೋ ಇರ್ಲಿ.

ಇನ್ನೊಂದು, ಕೌಂಟಿಯವ್ರು ತಾವಾಗೇ ಸರ್ಟಿಫಿಕೇಟ್ ಮನೆಗೆ ಕಳಿಸ್ತಾರೆ ಅಂತ ಕಾಯ್ತಾ ಕೂರ್ಬೇಡಿ. ರಿಜಿಸ್ಟರ್ ಆಗೋಕೆ ಸ್ವಲ್ಪ ವಾರ ಬಿಟ್ಟು ನೀವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ ದುಡ್ಡು ಕಟ್ಬೇಕು. ಎರಡು ಮೂರು ಕಾಪಿ ಒಟ್ಟಿಗೇ ತಗೊಂಡ್ರೆ ಒಳ್ಳೇದು, ಎಚ್-4ಗೆ (ಎಚ್-1ಬಿಯವ್ರ ಸಂಗಾತಿಗೆ ಕೊಡೋ ವೀಸಾ) ಬೇಕು, ಪಾಸ್‌ಪೋರ್ಟಲ್ಲಿ ಸಂಗಾತಿ ಹೆಸರು ಸೇರಿಸೋಕೆ ಬೇಕು. ಅದೇ ಕಾಪಿಯನ್ನ ಇಂಡಿಯಾದಲ್ಲಿ ಸರ್ಕಾರಿ ಕೆಲ್ಸಕ್ಕೆ ತೋರಿಸೋದಾದ್ರೆ ಕ್ಯಾಲಿಫೋರ್ನಿಯಾ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಿಂದ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಅಂತ ಬೇರೆ ದೇಶದವ್ರು ಒಪ್ಪೋಕೆ ಹಾಕೋದು) ಹಾಕಿಸ್ಕೊಳ್ಳಿ, ಸ್ಯಾಕ್ರಮೆಂಟೊ ಮತ್ತೆ ಲಾಸ್ ಏಂಜಲೀಸ್ ಎರಡೂ ಕಡೆ ಆಫೀಸ್ ಇದೆ.

ಊರಲ್ಲೇ ಮದ್ವೆ ಆಗಿರೋರಿಗೆ ಇದ್ಯಾವುದೂ ಬೇಕಾಗಿಲ್ಲ. ಕಾನೂನು ಪ್ರಕಾರ ಅಲ್ಲಿ ಆದ ಮದ್ವೆಯನ್ನ ಇಲ್ಲಿ ಒಪ್ಕೋತಾರೆ, ಬೇಕಾಗೋದು ಸಬ್ ರಿಜಿಸ್ಟ್ರಾರ್ ಆಫೀಸಿನ ಸರ್ಟಿಫಿಕೇಟು, ಬರೀ ಲಗ್ನಪತ್ರಿಕೆ ಮತ್ತೆ ಆಲ್ಬಮ್ ಸಾಲಲ್ಲ. ಹಿಂದೂ ವಿವಾಹ ನೋಂದಣಿಗೆ ಈಗ ಕರ್ನಾಟಕದ ಕಾವೇರಿ ಪೋರ್ಟಲಲ್ಲೇ ಅರ್ಜಿ ಹಾಕ್ಬೋದು, ರಜೆ ಮುಗಿಸಿ ವಾಪಸ್ ಫ್ಲೈಟ್ ಹತ್ತೋ ಮುಂಚೆ ಅದೊಂದು ಮುಗಿಸ್ಕೊಂಡೇ ಬನ್ನಿ.