ಟೇಲ್‌ಸ್ಟಾಕ್‌ಗೆ ಆರು ತೂತಿನ ಟರೆಟ್: ನನ್ನ ಅನುಭವ

ಕಳೆದ ವಾರ ಒಂದೇ ದಿನ ಇನ್ನೂರರ ಮೇಲೆ ಹಿತ್ತಾಳೆ ನಿಪ್ಪಲ್ (ಪೈಪ್ ಜೋಡಿಸುವ ಸಣ್ಣ ತುಂಡು) ತೆಗೆದೆ. ಕಲಬುರಗಿಯ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ, ಅದೇ ನಾಲ್ಕೂವರೆ ಅಡಿ ಹಳೇ ಲೇತ್‌ನಲ್ಲಿ. ಮೊದಲು 80 ದಾಟಿದರೆ ಅದೇ ಜಾಸ್ತಿ. ಇದು ಟರೆಟ್‌ನಿಂದ: ಚಕ್ ಎದುರಿಗೆ ಬಿಟ್ ಹಿಡಿಯುವ ಟೇಲ್‌ಸ್ಟಾಕ್‌ಗೆ ಕೂರಿಸುವ ಡಿಸ್ಕ್, ಆರು ಟೂಲ್ ಒಟ್ಟಿಗೆ ಹಿಡಿದಿರುತ್ತದೆ, ತಿರುಗಿಸಿದರೆ ಬೇಕಾದದ್ದು ಮುಂದೆ ಬರುತ್ತದೆ.

ತೊಗರಿ ಹೂ ಬಿಡುವ ಹೊತ್ತಿಗೆ ಔಷಧಿ ಹೊಡೆಯುವ ಪಂಪುಗಳ ಕೆಲಸ ಒಮ್ಮೆಲೇ ಬರುತ್ತದೆ. ಎಲ್ಲರಿಗೂ ನಾಳೆಯೇ ಬೇಕು. ಒಂದು ನಿಪ್ಪಲ್‌ಗೆ ನಡುವಿಗೆ ಗುರುತಿನ ತೂತು ಹಾಕುವ ಸೆಂಟರ್ ಡ್ರಿಲ್ ಹಾಕು, ತೆಗೆ, 8.5 ಎಂಎಂ ಬಿಟ್ ಹಾಕು, ತೆಗೆ, ಆಮೇಲೆ ಒಳಗೆ ಥ್ರೆಡ್ ಕೊರೆಯುವ 10ರ ಟ್ಯಾಪ್. ಕತ್ತರಿಸುವ ಹೊತ್ತಿಗಿಂತ ಡ್ರಿಲ್ ಚಕ್‌ನ ಕೀಲಿ ತಿರುಗಿಸುವ ಹೊತ್ತೇ ಹೆಚ್ಚು. ನೂರು ಪೀಸಿಗೆ ಮೊದಲು ಬರೀ ಸೆಂಟರ್, ಆಮೇಲೆ ಬರೀ ಡ್ರಿಲ್ ಅಂತಲೂ ಮಾಡಿ ನೋಡಿದೆ. ಪೀಸ್ ಬಿಚ್ಚಿ ಮತ್ತೆ ಚಕ್‌ಗೆ ಕಟ್ಟಿದರೆ ಸೆಂಟರ್ ಹೋಗುತ್ತದೆ ಅನ್ನೋದು ನಿಮಗೂ ಗೊತ್ತು.

ಟರೆಟ್ ಮಾಡುತ್ತೇನೆ ಅಂದಾಗ ನನಗೆ ಕೆಲಸ ಕಲಿಸಿದ ಕಾಕಾ, "ತಮ್ಮಾ, ಅದು ಅಲಗಾಡ್ತದ, ನಡ್ಯಂಗಿಲ್ಲ" ಅಂದರು. ರೆಡಿಮೇಡ್ ಕೇಳಿದರೆ 14 ಸಾವಿರದ ಆಸುಪಾಸು. ಸಿಕಂದರಾಬಾದ್‌ನ ರಾಣಿಗಂಜ್‌ಗೆ ಹೋಗಿ ಎಂಟಿ-3 ಆರ್ಬರ್ (ಟೇಲ್‌ಸ್ಟಾಕ್ ಒಳಗೆ ಕೂರುವ ಟೇಪರ್ ದಂಡ, 3 ಅದರ ಸೈಜ್) ಮತ್ತು ತೂತನ್ನು ಸರಿ ಅಳತೆಗೆ ನುಣುಪು ಮಾಡುವ 16ರ ರೀಮರ್ ಮಾತ್ರ ತಂದೆ. ಡಿಸ್ಕ್‌ಗೆ ಐದು ಇಂಚಿನ ಎಂ.ಎಸ್. (ಮೈಲ್ಡ್ ಸ್ಟೀಲ್) ರೌಂಡ್ ಇಲ್ಲೇ ಗುಜರಿಯಲ್ಲಿ ಸಿಕ್ಕಿತು, ಸುಮಾರು 1,400.

ಮೊದಲು ಮಾಡಿದ ಡಿಸ್ಕ್ ಹಾಳಾಯಿತು. ಡಿವೈಡರ್‌ನಲ್ಲಿ ಗೆರೆ ಎಳೆದು, ಪಂಚ್ ಹೊಡೆದು, ಡ್ರಿಲ್ ಮಷೀನ್‌ನಲ್ಲಿ ಆರು ತೂತು ಹಾಕಿದ್ದೆ. ನೋಡಲು ಚೆಂದ ಇತ್ತು. ಅಳೆಯುವ ಡಯಲ್ ಗೇಜ್ ಇಟ್ಟರೆ ಒಂದೊಂದು ತೂತು ಒಂದೊಂದು ಕಡೆ, ಕಾಲು ಎಂಎಂ ವ್ಯತ್ಯಾಸ. ಡಿಸ್ಕ್ ತಿರುಗದಂತೆ ಹಿಡಿಯುವ ಲಾಕ್‌ಗೆ ಹಾಕಿದ್ದ ಸ್ಪ್ರಿಂಗ್ ಮತ್ತು ಗುಂಡು ಬೇರೆ ಜಾರುತ್ತಿತ್ತು. ಎಂಟೋ ಒಂಬತ್ತೋ ಟ್ಯಾಪ್ ಮುರಿದವು, ಒಂದಕ್ಕೆ 190 ರೂಪಾಯಿ. ಎರಡು ತಿಂಗಳು ಅದನ್ನು ಮೂಲೆಗೆ ಇಟ್ಟೆ.

ಎಳ್ಳಮಾವಾಸ್ಯೆ ಮುಗಿದ ಮೇಲೆ ಎರಡನೇ ಡಿಸ್ಕ್. ಈ ಸಲ ಲಾಕ್ ಮೊದಲು, ತೂತು ಆಮೇಲೆ. ಗುಂಡು ಬಿಟ್ಟು ತುದಿಗೆ ಸಣ್ಣಗಾಗುವ ಟೇಪರ್ ಪಿನ್ ಹಾಕಿದೆ, ಅದು ಕೂತರೆ ಅಲುಗಾಡಲು ಜಾಗವೇ ಇಲ್ಲ. ಟರೆಟ್ ಅನ್ನು ಟೇಲ್‌ಸ್ಟಾಕ್‌ಗೆ ಕೂರಿಸಿ, ಪಿನ್ ಹಾಕಿ, ಲೇತ್‌ನ ಚಕ್‌ನಲ್ಲೇ ಬಿಟ್ ಕಟ್ಟಿ ತೂತು ಹಾಕಿದೆ. ಪಿನ್ ತೆಗೆದು ತಿರುಗಿಸಿ, ಮತ್ತೆ ಪಿನ್, ಮುಂದಿನ ತೂತು. 15.5 ಬಿಟ್, ಮೇಲೆ 16ರ ರೀಮರ್. ಪಿನ್‌ನ ಜಾಗ ಕೂದಲೆಳೆ ಆಚೆ ಈಚೆ ಇದ್ದರೂ ತೂತು ಮಾತ್ರ ಚಕ್ ತಿರುಗಿಸುವ ಸ್ಪಿಂಡಲ್‌ನ ನೇರಕ್ಕೇ ಬೀಳುತ್ತದೆ. ಕ್ವಿಲ್ (ಟೇಲ್‌ಸ್ಟಾಕ್‌ನಲ್ಲಿ ಮುಂದೆ ಹಿಂದೆ ಹೋಗುವ ಕೊಳವೆ) ಎಷ್ಟು ಹೊರಗೆ ಬಂದಿರಬೇಕು, ಎಲ್ಲಿ ಬಿಗಿಯಬೇಕು ಅನ್ನೋದರಲ್ಲಿ ಒಂದು ಸೂಕ್ಷ್ಮ ಇದೆ. ಅದು ನನ್ನ ಹತ್ತಿರವೇ ಇರಲಿ.

ಹಿತ್ತಾಳೆ ಬಿಟ್ ಅನ್ನು ಒಳಗೆ ಎಳೆದುಕೊಳ್ಳುತ್ತದೆ, ಅಲ್ವಾ. ಮೊದಲ ದಿನವೇ 8.5 ಬಿಟ್ ಕಚ್ಚಿಕೊಂಡು ಆರ್ಬರ್ ಸಮೇತ ಟರೆಟ್ಟನ್ನೇ ಟೇಲ್‌ಸ್ಟಾಕ್‌ನಿಂದ ಕಿತ್ತು ತಂದಿತು. ಬಿಟ್‌ನ ಬಾಯಿಯ ಅಂಚನ್ನು ಆಯಿಲ್ ಸ್ಟೋನ್‌ನಲ್ಲಿ ನಾಲ್ಕೈದು ಸಲ ಉಜ್ಜಿ ಚಪ್ಪಟೆ ಮಾಡಿದೆ. ಉಗುರಿನ ಮೇಲೆ ಇಟ್ಟು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ದಾರದಷ್ಟು ಸಣ್ಣ ಬಿಳಿ ಗೆರೆ ಕಾಣಬೇಕು, ಅಷ್ಟು ಸಾಕು. ಆಮೇಲೆ ಸಿಪ್ಪೆ ರವೆಯ ಹಾಗೆ ಪುಡಿಪುಡಿಯಾಗಿ ಬಂತು, ಕೈಗೆ ಎಳೆತವೇ ಇಲ್ಲ.

ಇನ್ನೊಂದು ತೊಂದರೆ ಯಾರೂ ಹೇಳಿರಲಿಲ್ಲ. ಗಿಡ್ಡ ಸೆಂಟರ್ ಡ್ರಿಲ್ ಕೆಲಸ ಮಾಡುವಾಗ ಪಕ್ಕದ ಉದ್ದ ಬಿಟ್ ಹೋಗಿ ಚಕ್‌ನ ಹಿಡಿತದ ಹಲ್ಲಿಗೆ (ಜಾ) ತಾಗುತ್ತದೆ. ಉದ್ದ ಬಿಟ್‌ಗಳನ್ನೆಲ್ಲ ಕತ್ತರಿಸಿ ಒಂದೇ ಅಳತೆಗೆ ತಂದೆ. ಗಿಡ್ಡ ಬಿಟ್ ನೆಟ್ಟಗೂ ಹೋಗುತ್ತದೆ.

ನಡುವೆ ಅಲ್ಯೂಮಿನಿಯಂ ಟ್ಯಾಪಿಂಗ್‌ಗೆ ಸುಮ್ನೆ ಮನೆಯ ಕುಸುಬಿ ಎಣ್ಣೆ ಹಾಕಿ ನೋಡಿದೆ. ಥ್ರೆಡ್ ಸೀಮೆಎಣ್ಣೆ ಹಾಕಿದ್ದಕ್ಕಿಂತ ನುಣುಪಾಗಿ ಬಂತು. ಆದರೆ ಒರೆಸದೆ ಬಿಟ್ಟಿದ್ದು ವಾರದಲ್ಲಿ ಗೋಂದಿನಂತೆ ಅಂಟಿತು, ಟ್ಯಾಪ್ ಹೋಲ್ಡರ್ ಜಾರುವುದೇ ನಿಂತಿತು. ಹಾಕಿದರೆ ಅದೇ ದಿನ ತೊಳೆಯಬೇಕು.

ಈಗ ಒಂದನೇ ತೂತಿನಲ್ಲಿ ರಾಡ್ ಎಷ್ಟು ಹೊರಗೆ ಬರಬೇಕೋ ಅಷ್ಟಕ್ಕೆ ತಡೆಯುವ ಸ್ಟಾಪರ್, ಎರಡರಲ್ಲಿ ಸೆಂಟರ್, ಮೂರರಲ್ಲಿ 8.5, ನಾಲ್ಕರಲ್ಲಿ ತೂತಿನ ಬಾಯಿ ಓರೆ ಮಾಡುವ ಕೌಂಟರ್‌ಸಿಂಕ್, ಐದರಲ್ಲಿ ಟ್ಯಾಪ್. ಆರನೆಯದರಲ್ಲಿ ನಾನೇ ಮಾಡಿದ ಒಂದು ಟೂಲ್ ಇದೆ, ಅಂಚಿನಲ್ಲಿ ಚೂಪು ಮುಳ್ಳು (ಬರ್) ಉಳಿಯದಿರುವುದು ಅದರಿಂದ. ಅದರ ವಿವರ ಕೊಡುವುದಿಲ್ಲ.

ಹಾಳಾದದ್ದೂ ಸೇರಿ ಎಂಟು ಸಾವಿರದ ಮೇಲೆ ಖರ್ಚಾಯಿತು. ರಾಡ್ ಪಾರ್ಟಿಯದು, ಪೀಸಿಗೆ ನನ್ನ ಮಜೂರಿ 9 ರೂಪಾಯಿ. ಹತ್ತು ಹನ್ನೆರಡು ದಿನದಲ್ಲಿ ದುಡ್ಡು ವಾಪಸ್ ಬಂತು. ಕಾಕಾ ಬಂದು ಒಂದು ನಿಪ್ಪಲ್‌ಗೆ ಬೋಲ್ಟ್ ಹಾಕಿ ತಿರುಗಿಸಿದರು, ಇನ್ನೊಂದಕ್ಕೂ ಹಾಕಿದರು. ಆಮೇಲೆ ತಮ್ಮ ಲೇತ್‌ಗೂ ಒಂದು ಮಾಡಿಕೊಡು ಅಂದರು. ಅವರ ಟೇಲ್‌ಸ್ಟಾಕ್ ಎಂಟಿ-4, ಆರ್ಬರ್ ಹುಡುಕುತ್ತಿದ್ದೇನೆ.